ಭಾವಚಿತ್ರಕ್ಕೆ ಯಾವ ಉಡುಪು?

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ನಿವೃತ್ತಿಯ ಅಂಚಿನಲ್ಲಿದ್ದಾರೆ. ಅವರ ಮಕ್ಕಳು ಉದ್ಯೋಗದ ಹೊಸ್ತಿಲಲ್ಲಿದ್ದಾರೆ. ಇಬ್ಬರಿಗೂ ಒಂದು ಒಳ್ಳೆಯ ಭಾವಚಿತ್ರ ಬೇಕು. "ಮೇಷ್ಟ್ರೇ, ಸ್ಟುಡಿಯೋಗೆ ಏನು ಹಾಕಿಕೊಂಡು ಹೋಗಲಿ? ಕೋಟು ಇಲ್ಲದಿದ್ದರೆ ನಡೆಯುತ್ತದೆಯೇ?" ಎಂಬ ಪ್ರಶ್ನೆ ಈಚೆಗೆ ಎರಡು ಮೂರು ಬಾರಿ ನನ್ನ ಬಳಿಗೆ ಬಂದಿದೆ. ಪ್ರಶ್ನೆ ಸಣ್ಣದೆನಿಸಿದರೂ ಉಪೇಕ್ಷಿಸುವಂಥದಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಅಚ್ಚುಕಟ್ಟು ಬೇಕು, ವೇಷ ಬೇಡ.

ದಬ್ಬೇಘಟ್ಟದ ಸುತ್ತಿನ ಹಳ್ಳಿಗಳವರಿಗೆ ಫೋಟೋ ತೆಗೆಸುವುದೆಂದರೆ ಒಂದು ಕಾಲಕ್ಕೆ ತುರುವೇಕೆರೆಗೋ ತಿಪಟೂರಿಗೋ ಬಸ್ಸು ಹತ್ತುವ ಕೆಲಸ. ಸ್ಟುಡಿಯೋದ ಗೂಟದಲ್ಲಿ ಎಲ್ಲರಿಗೂ ಸಲ್ಲುವ ಒಂದು ಕರಿಯ ಕೋಟು. ಕನ್ನಡಿಯ ಕೆಳಗೆ ಪೌಡರು ಡಬ್ಬಿ, ಬಾಚಣಿಗೆ. ಬೆನ್ನ ಹಿಂದೆ ಬಣ್ಣ ಬಳಿದ ಪರದೆ. ಕಾಯಿ ಸುಲಿಯುವವನೂ ತೋಟದ ಯಜಮಾನನೂ ಅದೇ ಕೋಟಿನಲ್ಲಿ ಕುಳಿತರು. ಅದನ್ನು ನಾನು ಗೇಲಿ ಮಾಡಲಾರೆ. ಆಯುಷ್ಯದಲ್ಲಿ ಒಂದೋ ಎರಡೋ ಚಿತ್ರ ತೆಗೆಸಿಕೊಳ್ಳುವವನು ಅದರಲ್ಲಿ ಗೌರವವಾಗಿ ಕಾಣಬೇಕೆಂದು ಬಯಸಿದ್ದು ನ್ಯಾಯವೇ. ಆದರೆ ಗೌರವವು ಎರವಲು ಕೋಟಿನಲ್ಲಿಯೇ ಇದೆಯೆಂಬ ನಂಬಿಕೆ ನಮ್ಮಲ್ಲಿ ಇನ್ನೂ ಉಳಿದಿದೆಯಲ್ಲ, ಅದು ಚಿಂತಿಸತಕ್ಕ ವಿಷಯ.

ಕೋಟೇ ತಪ್ಪೆಂದು ನಾನು ಹೇಳುತ್ತಿಲ್ಲ. ನಮ್ಮ ಶಾಲೆಗಳ ಗೋಡೆಗಳನ್ನೇ ನೋಡಿ. ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರು ಪೇಟ, ಕೋಟು, ಟೈ ಧರಿಸಿದ್ದಾರೆ. ಅದು ಅವರ ನಿತ್ಯದ ಶಿಸ್ತು. ಗಾಂಧೀಜಿ 1921ರಲ್ಲಿ ಮಧುರೆಯಲ್ಲಿ ತುಂಡು ಪಂಚೆಯನ್ನು ಆರಿಸಿಕೊಂಡರು. 1931ರಲ್ಲಿ ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಗೆ ಐದನೆಯ ಜಾರ್ಜ್ ದೊರೆಯನ್ನು ಕಾಣಲು ಹೋದಾಗಲೂ ಅದನ್ನು ಬದಲಿಸಲಿಲ್ಲ. ಡಾ. ಅಂಬೇಡ್ಕರರು ಸೂಟು ತೊಟ್ಟರು. ದಲಿತನೊಬ್ಬ ಒಳ್ಳೆಯ ಬಟ್ಟೆ ತೊಟ್ಟರೆ ಸಹಿಸದಿದ್ದ ಸಮಾಜದಲ್ಲಿ ಆ ಸೂಟು ಹಕ್ಕಿನ ಮಾತೇ ಆಗಿತ್ತು. ಮೂವರ ಉಡುಪೂ ಬೇರೆ ಬೇರೆ. ಆದರೆ ಮೂವರದೂ ಸ್ವಂತದ್ದು, ವಿಚಾರಪೂರ್ವಕವಾಗಿ ಆರಿಸಿಕೊಂಡದ್ದು. ನೀವು ಕಚೇರಿಗೆ ಕೋಟು ಧರಿಸುವವರಾದರೆ ಚಿತ್ರಕ್ಕೂ ಧರಿಸಿ. ಇಲ್ಲವಾದರೆ ಇಸ್ತ್ರಿ ಮಾಡಿದ ಅಂಗಿ ಸಾಕು. ದಿನವೂ ಉಡುವ ಹತ್ತಿಯ ಸೀರೆ ಸಾಕು.

ಇನ್ನು ಕೆಲವು ವ್ಯಾವಹಾರಿಕ ಮಾತುಗಳು. ಒಂದೇ ಬಣ್ಣದ ಬಟ್ಟೆ ಒಳ್ಳೆಯದು. ತೀರ ಸಣ್ಣ ಗೆರೆ, ಚೌಕಳಿಗಳು ಡಿಜಿಟಲ್ ಚಿತ್ರದಲ್ಲಿ ಅಲೆಯಂತೆ ಕಲಸಿ ಕಾಣಬಹುದು. ಪಾಸ್‌ಪೋರ್ಟಿನ ಚಿತ್ರಕ್ಕೆ ಹಿನ್ನೆಲೆ ಬಿಳಿಯದು. ಬಿಳಿ ಅಂಗಿ ಅದರಲ್ಲಿ ಕರಗಿಹೋಗುತ್ತದೆ, ಗಾಢ ಬಣ್ಣ ವಾಸಿ. ಕ್ಷೌರವನ್ನು ಅದೇ ದಿನ ಬೇಡ, ನಾಲ್ಕೈದು ದಿನ ಮುಂಚೆ ಮಾಡಿಸಿ. ಕೊರಳಪಟ್ಟಿ ಅಳತೆಗೆ ಸರಿಯಾಗಿರಲಿ. ತಲೆಗೆ ಎಣ್ಣೆ ಹಿತಮಿತವಾಗಿರಲಿ. ಕೊಬ್ಬರಿ ಸೀಮೆಯವರಿಗೆ ಇದನ್ನು ಹೇಳಲೇಬೇಕು! ವಿಭೂತಿ, ಕುಂಕುಮ, ಮೀಸೆ ದಿನವೂ ಇರುವಂತೆಯೇ ಇರಲಿ.

ಮುಖವನ್ನು ಬೆಳ್ಳಗೆ ಮಾಡಿಸಿಕೊಳ್ಳುವುದನ್ನು ಮಾತ್ರ ನಾನು ಒಪ್ಪಲಾರೆ. ಬಣ್ಣದ ಛಾಯಾಗ್ರಹಣದ ತಂತ್ರವೇ ಒಮ್ಮೆ ನಮ್ಮ ಮೈಬಣ್ಣವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕೊಡಾಕ್ ಸಂಸ್ಥೆ 1950ರ ದಶಕದಿಂದ ಬಣ್ಣದ ಹೊಂದಾಣಿಕೆಗೆಂದು ಕಳುಹಿಸುತ್ತಿದ್ದ 'ಶರ್ಲಿ' ಕಾರ್ಡುಗಳಲ್ಲಿ ಬಹುಕಾಲ ಬಿಳಿಯ ಮಹಿಳೆಯರ ಚಿತ್ರವೇ ಇತ್ತು. ಇಂದಿನ ಕ್ಯಾಮೆರಾಗಳು ಎಷ್ಟೋ ಸುಧಾರಿಸಿವೆ, ಸುಧಾರಿಸಬೇಕಾದವರು ನಾವು. ಕೇಳದಿದ್ದರೂ ಕಂಪ್ಯೂಟರಿನಲ್ಲಿ ಮುಖ ಬಿಳಿಚಿಸಿ ಕೊಡುವ ಸ್ಟುಡಿಯೋಗಳಿವೆ. ಮದುವೆಗೆಂದು ಕಳುಹಿಸುವ ಹೆಣ್ಣುಮಕ್ಕಳ ಚಿತ್ರಗಳಲ್ಲಂತೂ ಇದು ವಾಡಿಕೆಯೇ ಆಗಿದೆ. ಆ ಚಿತ್ರ ನೋಡಿ ಬಂದವರ ಮುಂದೆ ಆ ಮಗು ಕುಳಿತು, ಅವರ ಕಣ್ಣಿನಲ್ಲಿ ಮೂಡುವ ವ್ಯತ್ಯಾಸವನ್ನು ಅನುಭವಿಸಬೇಕಲ್ಲ! ಉಂಡೆ ಕೊಬ್ಬರಿಯ ಕಂದು ಸಿಪ್ಪೆ ಹೆರೆದು ಬೆಳ್ಳಗೆ ಮಾಡಿ ನಾವು ತಿಪಟೂರಿನ ಮಾರುಕಟ್ಟೆಗೆ ಒಯ್ಯುತ್ತೇವೆಯೇ? ಮಕ್ಕಳ ವಿಷಯದಲ್ಲಿ ಏಕೆ ಹೀಗೆ? "ಇರುವ ಬಣ್ಣವೇ ಇರಲಿ" ಎಂದು ಮೊದಲೇ ಹೇಳಿ.

ಈಚೆಗೆ ಪರಿಚಿತರೊಬ್ಬರ ಮನೆಗೆ ವೈಕುಂಠ ಸಮಾರಾಧನೆಗೆ ಹೋಗಿದ್ದೆ. ತೀರಿಕೊಂಡ ಹಿರಿಯರು ಬದುಕಿರುವವರೆಗೆ ಪಂಚೆ, ಅಂಗಿ, ಹೆಗಲ ಮೇಲೆ ಟವೆಲು ಬಿಟ್ಟು ಬೇರೇನೂ ತೊಟ್ಟವರಲ್ಲ. ಒಳ್ಳೆಯ ಚಿತ್ರವಿಲ್ಲದ್ದರಿಂದ ಮಕ್ಕಳು ಗುರುತಿನ ಚೀಟಿಯ ಮುಖವನ್ನು ತೆಗೆದುಕೊಟ್ಟು, ಕೋಟು, ಟೈ ಜೋಡಿಸಿ ದೊಡ್ಡದು ಮಾಡಿಸಿದ್ದರು. ಮಕ್ಕಳ ಪ್ರೀತಿಯನ್ನು ನಾನು ಸಂಶಯಿಸುವುದಿಲ್ಲ. ಆದರೆ ಅವರ ಶ್ರೀಮತಿಯವರು ನನಗೆ ತೋರಿಸಿದ್ದು ಬೇರೊಂದು ಚಿತ್ರವನ್ನು. ಯಾರದೋ ಮದುವೆಯ ಗುಂಪು. ಮೂಲೆಯಲ್ಲಿ ಟವೆಲು ಹೊದ್ದು ನಿಂತಿದ್ದ ಅವರು. ಮುಖ ಬೆರಳ ಉಗುರಿನಷ್ಟು. "ಇವರು ಇದ್ದದ್ದು ಹೀಗೆ" ಎಂದರು.

ನಿಮ್ಮ ತಂದೆತಾಯಿಗಳು ಇರುವವರಾದರೆ, ಮುಂದಿನ ಹಬ್ಬಕ್ಕೆ ಊರಿಗೆ ಬಂದಾಗ ಒಳ್ಳೆಯ ಬೆಳಕಿನಲ್ಲಿ ಅವರ ಚಿತ್ರ ತೆಗೆಸಿ. ಒಗೆದ ಬಟ್ಟೆ ಉಡಲಿ, ತಲೆ ಬಾಚಿಕೊಳ್ಳಲಿ. ಟವೆಲು ಹೆಗಲ ಮೇಲೆಯೇ ಇರಲಿ. ತೆಗೆಯಬೇಕೆಂದು ಯಾರಾದರೂ ಹೇಳಿದರೆ, ಬೇಡವೆನ್ನಿ.