ಕಾರು ಗುತ್ತಿಗೆಯದು, ಹಕ್ಕು ನಮ್ಮದು



ಕಾರು ಕೆಟ್ಟರೆ ನಮಗೆ ನಿಮಗೆ ಏನಾಗುತ್ತದೆ? ಆಟೋ ಹಿಡಿಯುತ್ತೇವೆ, ಲೋಕಲ್ ಹತ್ತುತ್ತೇವೆ, ಆಫೀಸಿಗೆ ಅರ್ಧ ಗಂಟೆ ತಡವಾಗಿ ಹೋಗುತ್ತೇವೆ. ಮೆಕ್ಯಾನಿಕ್ಕನ್ನು ನಾಲ್ಕು ಮಾತು ಬೈದರೆ ಸಿಟ್ಟೂ ಇಳಿಯುತ್ತದೆ. ಆದರೆ ಕಾಲಿನಲ್ಲಿ ಶಕ್ತಿಯಿಲ್ಲದವರ ಕಾರು ಕೆಟ್ಟರೆ ಕಥೆಯೇ ಬೇರೆ. ಲೋಕಲ್ಲಿನ ಮೆಟ್ಟಿಲು ಅವರಿಗೆ ಏರಲಾಗದು, ಆಟೋದೊಳಗೆ ಗಾಲಿಕುರ್ಚಿ ಹಿಡಿಸದು. ಕಾರು ಎಷ್ಟು ದಿನ ಗ್ಯಾರೇಜಿನಲ್ಲಿ ನಿಲ್ಲುತ್ತದೋ ಅಷ್ಟು ದಿನವೂ ಅವರು ಮನೆಯ ನಾಲ್ಕು ಗೋಡೆಗಳ ನಡುವೆಯೇ. ಅವರ ಪಾಲಿಗೆ ಕಾರೆಂದರೆ ಕಾಲು.

ಆ ಕಾರು ಸ್ವಂತದ್ದೂ ಅಲ್ಲ, ಅಂಗವಿಕಲರ ಭತ್ಯೆಯ ಮೇಲೆ ಗುತ್ತಿಗೆಗೆ ಪಡೆದದ್ದು ಎಂದಿಟ್ಟುಕೊಳ್ಳಿ. ಆಗ ದೂರು ಹೇಳಲೂ ಸಂಕೋಚ. ನಮ್ಮಲ್ಲಿ ಒಂದು ಗಾದೆಯಿದೆ: ‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ.’ ದಟ್ಟಿ ಅಂದರೆ ಬಟ್ಟೆ. ಪುಕ್ಕಟೆ ಸಿಕ್ಕಿದ ಬಟ್ಟೆಯ ಉದ್ದ ಅಳೆಯುವವನನ್ನು ಹಂಗಿಸುವ ಮಾತು ಇದು. ಗಾದೆ ಚೆನ್ನಾಗಿದೆ, ಆದರೆ ಎಲ್ಲ ಕಡೆಗೂ ಹೊಂದುವುದಿಲ್ಲ. ಅಂಗವಿಕಲರಿಗೆ ಕಾನೂನಿನಿಂದ ಸಿಗುವ ಸೌಲಭ್ಯ ಧರ್ಮಕ್ಕೆ ಕೊಟ್ಟ ದಟ್ಟಿಯಲ್ಲ. ಅದನ್ನು ಅಂಗಳದಲ್ಲೇ ನಿಂತು, ಎಲ್ಲರ ಎದುರಿಗೇ ಮೊಳ ಹಾಕಬಹುದು.

ಇದಕ್ಕೆ ಒಳ್ಳೆಯ ಉದಾಹರಣೆ ಬ್ರಿಟನ್. ನಿಮ್ಮಲ್ಲಿ ಹಲವರ ಅಣ್ಣನೋ ಅತ್ತಿಗೆಯೋ ಚಿಕ್ಕಪ್ಪನೋ ಅಲ್ಲಿ ನೆಲೆಸಿರಬಹುದು. ನಾಳೆ ನೀವೇ ಹೋಗಬಹುದು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಅಲ್ಲಿ ಒಂದು ಕಾಲಕ್ಕೆ ನಡೆಯಲಾರದವರಿಗೆ ಸರ್ಕಾರವೇ ಒಂದು ಪುಟ್ಟ ಗಾಡಿ ಕೊಡುತ್ತಿತ್ತು. ಮೂರು ಚಕ್ರ, ತಿಳಿನೀಲಿ ಬಣ್ಣ, ಒಳಗೆ ಒಂದೇ ಸೀಟು. ಹೆಸರು ಇನ್ವಾಕಾರ್. ಅದರಲ್ಲಿ ಇನ್ನೊಬ್ಬರನ್ನು ಕೂರಿಸಿಕೊಳ್ಳುವಂತಿರಲಿಲ್ಲ. ತಾಯಿಯೊಬ್ಬಳು ತನ್ನ ಮಗುವನ್ನು ಜೊತೆಗೆ ಕರೆದೊಯ್ಯುವಂತಿಲ್ಲ, ಗಂಡಹೆಂಡಿರು ಒಟ್ಟಿಗೆ ಹೊರಡುವಂತಿಲ್ಲ. ಗಾಳಿ ಜೋರಾಗಿ ಬೀಸಿದರೆ ಗಾಡಿಯ ಸ್ಥಿರತೆಯ ಭಯ ಬೇರೆ. ಕಾಲಿಲ್ಲದವರಿಗೆ ಸಂಸಾರವೂ ಇಲ್ಲವೆಂದು ಭಾವಿಸಿ ಮಾಡಿದಂತಿತ್ತು ಅದು. ಕೊನೆಗೆ 2003ರ ಮಾರ್ಚ್‌ನಲ್ಲಿ ಉಳಿದ ಇನ್ವಾಕಾರ್‌ಗಳನ್ನೂ ಸುರಕ್ಷತೆಯ ಕಾರಣದಿಂದ ರಸ್ತೆಯಿಂದ ಹಿಂದೆಗೆದುಕೊಂಡರು.

ಅಷ್ಟರಲ್ಲಿ ಇನ್ನೊಂದು ದಾರಿ ತೆರೆದಿತ್ತು. 1976ರಲ್ಲಿ ಅಲ್ಲಿನ ಸರ್ಕಾರ ಓಡಾಟದ ಭತ್ಯೆಯನ್ನು ಹಣದ ರೂಪದಲ್ಲಿ ಕೊಡತೊಡಗಿತು. ಆದರೆ ಆ ಹಣದಲ್ಲಿ ಕಾರು ಕೊಳ್ಳುವುದು ಹೇಗೆ? 1977ರಲ್ಲಿ ಲಾರ್ಡ್ ಗುಡ್‌ಮನ್ ಮತ್ತು ಜೆಫ್ರಿ ಸ್ಟರ್ಲಿಂಗ್ ಅವರ ಮುಂದಾಳುತನದಲ್ಲಿ ಮೋಟಬಿಲಿಟಿ ಎಂಬ ಸಂಸ್ಥೆ ಹುಟ್ಟಿತು. ಲೆಕ್ಕಾಚಾರ ಸರಳ. ಓಡಾಟದ ಭತ್ಯೆಯ ಮೇಲಿನ ದರ ಪಡೆಯುವವರು ಆ ಹಣವನ್ನು ಯೋಜನೆಗೆ ಬಿಟ್ಟುಕೊಡುತ್ತಾರೆ. ಬದಲಿಗೆ ಸಾಮಾನ್ಯವಾಗಿ ಮೂರು ವರ್ಷಕ್ಕೆ ಹೊಸ ಕಾರು ಗುತ್ತಿಗೆಗೆ ಬರುತ್ತದೆ. ಗಾಲಿಕುರ್ಚಿಯ ಸಮೇತ ಒಳಗೆ ಹೋಗುವಂಥ ವಾಹನವಾದರೆ ಐದು ವರ್ಷ. ವಿಮೆ, ಸರ್ವಿಸಿಂಗ್, ಟೈರು, ದಾರಿಯಲ್ಲಿ ಕೆಟ್ಟು ನಿಂತರೆ ನೆರವು, ಎಲ್ಲವೂ ಅದರಲ್ಲೇ ಸೇರಿರುತ್ತದೆ. ಕೆಲವು ಕಾರುಗಳಿಗೆ ಮಾತ್ರ ಮುಂಗಡವಾಗಿ ಇನ್ನಷ್ಟು ಹಣ ಕಟ್ಟಬೇಕು. 2025-26ರಲ್ಲಿ ಆ ಭತ್ಯೆ ವಾರಕ್ಕೆ 77.05 ಪೌಂಡ್ ಇತ್ತು. 2025ರ ಹೊತ್ತಿಗೆ ಎಂಟು ಲಕ್ಷಕ್ಕೂ ಹೆಚ್ಚು ಜನ ಈ ಯೋಜನೆಯ ಗ್ರಾಹಕರಾಗಿದ್ದರು.

ಇಲ್ಲಿ ಎರಡು ಸಂಗತಿ ಗಮನಿಸಿ. ಒಂದು, ಕಾರಿನ ಮಾಲೀಕ ಗುತ್ತಿಗೆ ಕೊಟ್ಟ ಕಂಪನಿ, ಓಡಿಸುವವರಲ್ಲ. ಎರಡು, ಭತ್ಯೆಯ ಹಣ ಸರ್ಕಾರದಿಂದ ನೇರವಾಗಿ ಕಂಪನಿಗೆ ಹೋಗುತ್ತದೆ. ‘ಕಾರು ಸರಿ ಮಾಡಿಕೊಡುವ ತನಕ ಈ ತಿಂಗಳ ಕಂತು ಕಟ್ಟುವುದಿಲ್ಲ’ ಎಂದು ಹಟ ಹಿಡಿಯಲು ಕೈಯಲ್ಲಿ ಹಣವೇ ಇರುವುದಿಲ್ಲ. ಹಾಗಾದರೆ ಅವರ ಕೈಯಲ್ಲಿ ಉಳಿದದ್ದೇನು? ಕಾನೂನು ಮತ್ತು ಕಾಗದ.

ಕಾನೂನು ಬಲವಾಗಿಯೇ ಇದೆ. 2015ರ ಅಕ್ಟೋಬರ್ 1ರಂದು ಜಾರಿಗೆ ಬಂದ ಅಲ್ಲಿನ ಗ್ರಾಹಕ ಹಕ್ಕುಗಳ ಕಾಯ್ದೆ ಕೊಂಡ ವಸ್ತುವಿಗೆ ಮಾತ್ರವಲ್ಲ, ಬಾಡಿಗೆಗೆ ಪಡೆದ ವಸ್ತುವಿಗೂ ಅನ್ವಯಿಸುತ್ತದೆ. ವಸ್ತು ತೃಪ್ತಿಕರ ಗುಣಮಟ್ಟದ್ದಾಗಿರಬೇಕು, ಸುರಕ್ಷಿತವಾಗಿರಬೇಕು, ಬಾಳಿಕೆ ಬರಬೇಕು. ಯಾವ ಉದ್ದೇಶಕ್ಕೆ ಬೇಕೆಂದು ಮೊದಲೇ ತಿಳಿಸಿದ್ದೇವೋ ಆ ಉದ್ದೇಶಕ್ಕೆ ತಕ್ಕುದಾಗಿರಬೇಕು. ಈ ಕೊನೆಯ ಮಾತು ಅಂಗವಿಕಲರಿಗೆ ಬಹಳ ಮುಖ್ಯ. ‘ನನ್ನ ಗಾಲಿಕುರ್ಚಿ ಇಷ್ಟು ತೂಕ, ಅದನ್ನು ಡಿಕ್ಕಿಗೆ ಎತ್ತಿಡುವ ಯಂತ್ರ ಬೇಕು’ ಎಂದು ಮೊದಲೇ ಬರವಣಿಗೆಯಲ್ಲಿ ತಿಳಿಸಿದ್ದರೆ, ಎಂಜಿನ್ ಎಷ್ಟೇ ಚೆನ್ನಾಗಿರಲಿ, ಆ ಯಂತ್ರ ಕೈಕೊಟ್ಟರೆ ಕಾರು ಉದ್ದೇಶಕ್ಕೆ ತಕ್ಕುದಲ್ಲ ಎಂದು ವಾದಿಸಬಹುದು.

ದೋಷವಿದ್ದರೆ ಮೊದಲ 30 ದಿನಗಳೊಳಗೆ ಕಾರನ್ನು ತಿರಸ್ಕರಿಸುವ ಹಕ್ಕಿದೆ. ಆ ಅವಧಿ ದಾಟಿದ ಮೇಲೆ ರಿಪೇರಿಗೆ ಒಂದು ಅವಕಾಶ ಕೊಡಬೇಕಾಗುತ್ತದೆ. ಅದರಿಂದಲೂ ಸರಿಹೋಗದಿದ್ದರೆ ಮತ್ತೆ ತಿರಸ್ಕರಿಸುವ ಅಥವಾ ಬಾಡಿಗೆ ಇಳಿಸಲು ಕೇಳುವ ಹಕ್ಕು ಬರುತ್ತದೆ. ಮೊದಲ ಆರು ತಿಂಗಳಲ್ಲಿ ದೋಷ ಕಂಡರೆ, ಅದು ಕಾರು ಕೊಡುವಾಗಲೇ ಇತ್ತೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಇಲ್ಲವೆಂದು ತೋರಿಸುವ ಹೊಣೆ ಕಂಪನಿಯದು. ರಿಪೇರಿಯೂ ಸೂಕ್ತ ಸಮಯದಲ್ಲಿ, ಗ್ರಾಹಕರಿಗೆ ಹೆಚ್ಚಿನ ತೊಂದರೆಯಾಗದ ಹಾಗೆ ಮುಗಿಯಬೇಕು. ನಡೆಯಬಲ್ಲವರಿಗೆ ಹದಿನೈದು ದಿನ ಬರೀ ಕಿರಿಕಿರಿಯಾದರೆ ನಡೆಯಲಾರದವರಿಗೆ ಅದು ಗೃಹಬಂಧನ. ಇದನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯಬೇಕು. ತಾತ್ಕಾಲಿಕವಾಗಿ ಕೊಡುವ ಬದಲಿ ಕಾರಿನ ವಿಷಯವೂ ಅಷ್ಟೇ. ಕೈಯಿಂದ ಬ್ರೇಕು ಹಾಕುವವರಿಗೆ ಕಾಲಿನ ಬ್ರೇಕಿನ ಕಾರು ಕೊಟ್ಟರೆ ಏನು ಪ್ರಯೋಜನ? ಸೇವೆ ನೀಡುವವರು ಅಂಗವಿಕಲರಿಗಾಗಿ ಯುಕ್ತ ಹೊಂದಾಣಿಕೆ ಮಾಡಿಕೊಡಬೇಕೆಂದು ಅಲ್ಲಿನ 2010ರ ಸಮಾನತೆ ಕಾಯ್ದೆ ಹೇಳುತ್ತದೆ.

ದೂರಿನ ಮೆಟ್ಟಿಲುಗಳೂ ಕಷ್ಟದ್ದಲ್ಲ. ಕಾರು ಕೊಟ್ಟ ಷೋರೂಮಿಗೆ ತಿಳಿಸುವುದರ ಜೊತೆಗೆ ಗುತ್ತಿಗೆ ಕಂಪನಿಗೂ ಬರವಣಿಗೆಯಲ್ಲಿ ದೂರು ಕೊಡಬೇಕು. ಒಪ್ಪಂದ ಇರುವುದು ಕಂಪನಿಯೊಡನೆ. ‘ಷೋರೂಮಿನವರನ್ನು ಕೇಳಿ’ ಎಂದು ಅದು ಕೈತೊಳೆದುಕೊಳ್ಳುವಂತಿಲ್ಲ. ಎಂಟು ವಾರಗಳೊಳಗೆ ಅಂತಿಮ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಫೈನಾನ್ಷಿಯಲ್ ಒಂಬುಡ್ಸ್‌ಮನ್ ಸಂಸ್ಥೆಗೆ ಹೋಗಬಹುದು. ಅಂತಿಮ ಉತ್ತರ ಬಂದ ಆರು ತಿಂಗಳೊಳಗೆ ಹೋಗಬೇಕು. ಗ್ರಾಹಕರಿಗೆ ಅಲ್ಲಿ ಖರ್ಚಿಲ್ಲ, ವಕೀಲರು ಬೇಕಿಲ್ಲ. ಆ ಸಂಸ್ಥೆ ಅನುಭವಿಸಿದ ಸಂಕಟ, ತೊಂದರೆಗಳಿಗೂ ಪರಿಹಾರ ಹೇಳಬಲ್ಲದು. ಒಂಬುಡ್ಸ್‌ಮನ್ನರ ತೀರ್ಮಾನವನ್ನು ಗ್ರಾಹಕರು ಒಪ್ಪಿದರೆ ಕಂಪನಿ ಅದಕ್ಕೆ ಬದ್ಧ.

ಇನ್ನು ನಮ್ಮ ದೇಶಕ್ಕೆ ಬರೋಣ. ರಾಷ್ಟ್ರಮಟ್ಟದಲ್ಲಿ ಅಂಥ ಗುತ್ತಿಗೆ ಯೋಜನೆ ನಮ್ಮಲ್ಲಿಲ್ಲ. ನಮ್ಮವರು ಹೆಚ್ಚಾಗಿ ಕಾರನ್ನು ಕೊಂಡು, ಕೈಯಿಂದ ನಡೆಸುವ ಸಲಕರಣೆಯನ್ನು ಬೇರೆಯಾಗಿ ಹಾಕಿಸಿಕೊಳ್ಳುತ್ತಾರೆ. ಇಂಥ ವಾಹನಕ್ಕೆ ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಬಹುಕಾಲ ಇದ್ದ ಹೆಸರು ‘ಇನ್‌ವ್ಯಾಲಿಡ್ ಕ್ಯಾರೇಜ್’. ಇಂಗ್ಲಿಷಿನ ಆ ಒಂದೇ ಪದವನ್ನು ಒಂದು ರೀತಿ ಉಚ್ಚರಿಸಿದರೆ ರೋಗಿ, ಇನ್ನೊಂದು ರೀತಿ ಉಚ್ಚರಿಸಿದರೆ ಅಸಿಂಧು. ಎರಡೂ ಗೌರವದ್ದಲ್ಲ. 2019ರ ತಿದ್ದುಪಡಿ ಅದನ್ನು ತೆಗೆದು ‘ಅಡಾಪ್ಟೆಡ್ ವೆಹಿಕಲ್’, ಅಂದರೆ ಅಳವಡಿಸಿದ ವಾಹನ ಎಂದು ಮಾಡಿತು. ಹೆಸರಾದರೂ ನೆಟ್ಟಗಾಯಿತು!

ನಮ್ಮ ಕಟ್ಟಡದಲ್ಲಿ ಒಬ್ಬ ನಿವೃತ್ತ ಮಾಸ್ತರರಿದ್ದಾರೆ. ಚಿಕ್ಕಂದಿನ ಪೋಲಿಯೋದಿಂದ ಒಂದು ಕಾಲು ಸೋತಿದೆ. ಅವರ ಕಾರಿನ ಕೈಬ್ರೇಕಿನ ಸನ್ನೆ ಪದೇ ಪದೇ ಸಡಿಲಾಗುತ್ತಿತ್ತು. ವರ್ಕ್‌ಷಾಪಿನವರು ಪ್ರತಿ ಸಲವೂ ಬಿಗಿ ಮಾಡಿ, ‘ಅಂಕಲ್, ನೀವು ಜೋರಾಗಿ ಎಳೆಯುತ್ತೀರಿ’ ಎಂದು ಅವರ ತಲೆಗೇ ಕಟ್ಟುತ್ತಿದ್ದರು. ಮೊಮ್ಮಗಳು ಕೋಪದಿಂದ ಇಂಗ್ಲಿಷಿನಲ್ಲಿ ನಾಲ್ಕು ಪುಟ ಬರೆದು ನನಗೆ ತೋರಿಸಲು ತಂದಳು. ‘ಆಂಟಿ, ಹೇಗಿದೆ?’ ಎಂದಳು. ಭಾಷೆ ಸೊಗಸಾಗಿತ್ತು, ಬೈಗುಳವೂ ಧಾರಾಳವಾಗಿತ್ತು. ಆದರೆ ಒಂದೇ ಒಂದು ತಾರೀಖು ಇರಲಿಲ್ಲ. ‘ಅಜ್ಜನನ್ನು ಕೇಳಮ್ಮ’ ಎಂದೆ. ಅಜ್ಜ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿಯೇ ಎಲ್ಲವನ್ನೂ ಗುರುತು ಹಾಕಿಟ್ಟಿದ್ದರು. ಯಾವ ದಿನ ಸಡಿಲವಾಯಿತು, ಯಾವ ದಿನ ಗ್ಯಾರೇಜಿಗೆ ಹೋಯಿತು, ಯಾವ ದಿನ ಡಾಕ್ಟರ ಅಪಾಯಿಂಟ್‌ಮೆಂಟ್ ತಪ್ಪಿತು, ಎಲ್ಲವೂ ಕನ್ನಡದಲ್ಲಿ. ಮನೆಯಲ್ಲಿ ಕನ್ನಡ ಮಾತಾಡುವ ಹುಡುಗಿಗೆ ಆ ಅಕ್ಷರ ಓದಲು ಬಾರದು. ಅಜ್ಜ ಓದಿ ಹೇಳಿದರು, ಅವಳು ಟೈಪ್ ಮಾಡಿದಳು. ನಾಲ್ಕು ಪುಟ ಒಂದು ಪುಟವಾಯಿತು. ಆರು ಸಲದ ರಿಪೇರಿಯ ಪಟ್ಟಿ, ಜಾಬ್ ಕಾರ್ಡುಗಳ ಪ್ರತಿ, ಕೊನೆಗೆ ‘ಹೊಸ ಸಲಕರಣೆ ಹಾಕಿಕೊಡಿ, ಇಲ್ಲವೇ ಹಣ ಹಿಂದಿರುಗಿಸಿ’ ಎಂಬ ಒಂದೇ ಬೇಡಿಕೆ. ಹತ್ತು ದಿನದಲ್ಲಿ ಹೊಸ ಸಲಕರಣೆ ಬಂತು. ಆಯೋಗದ ತನಕ ಹೋಗಬೇಕಾಗಲಿಲ್ಲ.

ಹೋಗಬೇಕಾಗಿ ಬಂದಿದ್ದರೂ ಹೆದರಬೇಕಿರಲಿಲ್ಲ. 2020ರ ಜುಲೈ 20ರಿಂದ ಜಾರಿಗೆ ಬಂದಿರುವ ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕೆಲವು ಅಂಶಗಳನ್ನು ನೆನಪಿಟ್ಟುಕೊಳ್ಳಿ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಅದರ ಮೇಲೆ ಹತ್ತು ಲಕ್ಷದವರೆಗೆ 200 ರೂಪಾಯಿ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ದೂರಿನ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ವಿಡಿಯೋ ಮೂಲಕ ವಿಚಾರಣೆ ನಡೆಸಿರೆಂದು ಕೇಳಿಕೊಳ್ಳಲೂ ಅವಕಾಶವಿದೆ. ಮನೆಯಿಂದ ಹೊರಡುವುದೇ ಕಷ್ಟವಾಗಿರುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಯಾವುದು? ಮೊದಲು 1915 ಎಂಬ ಸಹಾಯವಾಣಿಗೆ ಫೋನು ಮಾಡಿ ನೋಡಬಹುದು.

ನಮ್ಮಂಥ ಹೊರನಾಡ ಕನ್ನಡಿಗರಿಗೆ ಇದರಲ್ಲಿ ಒಂದು ವಿಶೇಷ ಅನುಕೂಲವಿದೆ. ಹಳೆಯ 1986ರ ಕಾಯ್ದೆಯ ಪ್ರಕಾರ ಮಾರಿದವರಿರುವ ಊರಿನಲ್ಲೋ, ತಕರಾರು ಹುಟ್ಟಿದ ಊರಿನಲ್ಲೋ ದೂರು ಕೊಡಬೇಕಿತ್ತು. ಹೊಸ ಕಾಯ್ದೆಯಲ್ಲಿ ದೂರುದಾರರು ವಾಸಿಸುವ ಅಥವಾ ಕೆಲಸ ಮಾಡುವ ಊರಿನಲ್ಲೇ ಕೊಡಬಹುದು. ಹುಬ್ಬಳ್ಳಿಯಲ್ಲಿ ಕೊಂಡು ಪುಣೆಯಲ್ಲಿ ಬಳಸುತ್ತಿರುವ ವಾಹನಕ್ಕೆ ಪುಣೆಯಲ್ಲೇ ನ್ಯಾಯ ಕೇಳಬಹುದು. ಬಾಡಿಗೆಗೆ ಪಡೆದ ಸೇವೆಗೂ ಈ ಕಾಯ್ದೆ ಅನ್ವಯಿಸುತ್ತದೆ.

ಇನ್ನೊಂದು ಮಾತು. ಈ ಕಾಯ್ದೆಯ ಲೆಕ್ಕದಲ್ಲಿ ಬೆಲೆ ತೆತ್ತು ಪಡೆದವರೇ ಗ್ರಾಹಕರು. ಸರ್ಕಾರದ ಯೋಜನೆಯಲ್ಲಿ ಉಚಿತವಾಗಿ ಬಂದ ಮೋಟಾರು ತ್ರಿಚಕ್ರ ಗಾಡಿ ಕೆಟ್ಟರೆ ದಾರಿ ಬೇರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಪ್ರತಿ ರಾಜ್ಯಕ್ಕೂ ಒಬ್ಬ ಆಯುಕ್ತರನ್ನು ನೇಮಿಸಬೇಕೆಂದಿದೆ. ದೂರು ಅವರ ಕಚೇರಿಗೆ ಹೋಗಬೇಕು. ಅಲ್ಲಿಯೂ ಕೇಳುವುದು ಹಕ್ಕನ್ನೇ, ಕೃಪೆಯನ್ನಲ್ಲ.

ದೂರಿನ ಕಾಗದ ಬರೆಯುವ ಬಗೆ ಎಲ್ಲ ಕಡೆಯೂ ಒಂದೇ. ಫೋನಿನಲ್ಲಿ ಆಡಿದ ಮಾತನ್ನು ಅದೇ ದಿನ ಇ-ಮೇಲಿನಲ್ಲಿ ಬರೆದು ಕಳಿಸಿ. ಯಾರೊಡನೆ ಮಾತಾಡಿದಿರಿ, ಎಷ್ಟು ಗಂಟೆಗೆ ಎಂದು ಗುರುತು ಹಾಕಿಕೊಳ್ಳಿ. ಜಾಬ್ ಕಾರ್ಡ್ ಕೇಳಿ ಪಡೆಯಿರಿ, ಅದರಲ್ಲಿ ನೀವು ಹೇಳಿದ ದೋಷ ಬರೆದಿದೆಯೇ ಎಂದು ಸಹಿ ಹಾಕುವ ಮುನ್ನ ಓದಿ. ದೋಷ ಕಂಡಾಗ ಕಿಲೋಮೀಟರ್ ಮುಳ್ಳಿನ ಫೋಟೋ ತೆಗೆಯಿರಿ. ‘ತುಂಬಾ ತೊಂದರೆಯಾಯಿತು’ ಎನ್ನುವ ಬದಲು ‘14 ದಿನ ಮನೆಯಿಂದ ಹೊರಬರಲಾಗಲಿಲ್ಲ, ಎರಡು ಸಲ ಫಿಸಿಯೋಥೆರಪಿ ತಪ್ಪಿತು’ ಎಂದು ಬರೆಯಿರಿ. ನಿಮಗೆ ಏನು ಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಿ. ಸಿಟ್ಟನ್ನು ಒಂದು ರಾತ್ರಿ ತಲೆದಿಂಬಿನ ಕೆಳಗಿಟ್ಟು, ಬೆಳಿಗ್ಗೆ ಕಾಗದ ಕಳಿಸಿ.

ಮಕ್ಕಳೇ, ನಿಮಗೆ ಇಂಗ್ಲಿಷು ಬರುತ್ತದೆ, ಹಿಂದಿಯೋ ಮರಾಠಿಯೋ ತಮಿಳೋ ತೆಲುಗೋ ಬರುತ್ತದೆ, ಫೋನಿನಲ್ಲಿ ಅರ್ಜಿ ತುಂಬಲೂ ಬರುತ್ತದೆ. ಮನೆಯ ಹಿರಿಯರಿಗೆ ನೋವು ಗೊತ್ತು, ತಾರೀಖು ಗೊತ್ತು, ಆದರೆ ಹಲವರಿಗೆ ಈ ಊರಿನ ಕಚೇರಿಯ ಭಾಷೆ ಗೊತ್ತಿಲ್ಲ. ಅವರು ‘ಹೋಗಲಿ ಬಿಡು, ಯಾಕೆ ಸುಮ್ಮನೆ’ ಎನ್ನುವುದು ತೃಪ್ತಿಯಿಂದಲ್ಲ. ಯಾರಿಗೂ ಹೊರೆಯಾಗಬಾರದೆಂಬ ಸಂಕೋಚದಿಂದ. ಈ ಭಾನುವಾರ ಅವರ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು, ಸರಿಯಾಗದೆ ಉಳಿದಿರುವುದು ಏನಾದರೂ ಇದೆಯೇ ಎಂದು ಕೇಳಿ. ಗಾಲಿಕುರ್ಚಿಯ ಬ್ರೇಕಿರಬಹುದು, ಕಿವಿಯ ಯಂತ್ರವಿರಬಹುದು. ಅವರು ಹೇಳಲಿ, ನೀವು ಬರೆಯಿರಿ.