ಪೊರಕೆಜೋಳದ ಲಕ್ಷಣಗಳೂ ಮರವಂತೆಯ ನೆಲವೂ

ಹೊಸ ಬೆಳೆಯೊಂದರ ಹೆಸರು ಕಿವಿಗೆ ಬಿದ್ದೊಡನೆ ಬೀಜ ತರಿಸುವುದು ವಿವೇಕವಲ್ಲ. ಆ ಸಸ್ಯದ ಗುಣವನ್ನು ಮೊದಲು ಅರಿತು, ತಮ್ಮ ನೆಲಕ್ಕೂ ಹವೆಗೂ ಅದು ಒಪ್ಪುವುದೇ ಎಂಬುದನ್ನು ಗ್ರಾಮದ ಮುಖಂಡರೂ ಭೂಮಾಲೀಕರೂ ಪರ್ಯಾಲೋಚಿಸಬೇಕು. ಪೊರಕೆಜೋಳದ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸಲ್ಲುವುದು.

ಪೊರಕೆಜೋಳವು ಬಯಲುಸೀಮೆಯ ಜೋಳದ ಜಾತಿಗೇ ಸೇರಿದ ಏಕವಾರ್ಷಿಕ ಹುಲ್ಲು. ಸಸ್ಯಶಾಸ್ತ್ರಜ್ಞರು ಎರಡನ್ನೂ ಸಾರ್ಗಮ್ ಬೈಕಲರ್ ಎಂದೇ ಕರೆಯುವರು. ಎತ್ತರದ ತಳಿಗಳು 12 ಅಡಿಯವರೆಗೂ ಬೆಳೆಯುವುವು. ಗಿಡ್ಡ ತಳಿಗಳೂ ಉಂಟು. ಮುಖ್ಯ ಭೇದವಿರುವುದು ತೆನೆಯಲ್ಲಿ. ಕಾಳಿನ ಜೋಳದಲ್ಲಿ ತೆನೆಯ ನಡುದಂಡು ಉದ್ದ, ಕವಲುಗಳು ಮೊಟಕು. ಇದರಲ್ಲಾದರೋ ನಡುದಂಡು ಮೊಟಕಾಗಿದ್ದು, ಒಂದೆರಡು ಅಡಿ ಉದ್ದದ ಕಡ್ಡಿಗಳು ಅದರಿಂದ ಗೊಂಚಲಾಗಿ ಹೊರಡುವುವು. ಕಾಳುಗಳು ಕಡ್ಡಿಗಳ ತುದಿಯ ಕಡೆಗೆ ಮಾತ್ರ ಕಟ್ಟುವುವು. ಆ ಕಡ್ಡಿಯೇ ಇಲ್ಲಿನ ಫಸಲು; ಕಾಳು ಉಪಫಲ.

ಪೇಟೆಯಲ್ಲಿ ದೊರೆಯುವ ಮೆತ್ತನೆಯ ಹೂಪೊರಕೆಯು ಇದರದೆಂದು ಭ್ರಮಿಸಬಾರದು. ಅದು ಮೇಘಾಲಯ ಮೊದಲಾದ ಈಶಾನ್ಯ ಸೀಮೆಯ ಗುಡ್ಡಗಳಲ್ಲಿ ಬೆಳೆಯುವ ಬೇರೊಂದು ಹುಲ್ಲಿನದು. ಆ ಹುಲ್ಲನ್ನು ಒಮ್ಮೆ ನೆಟ್ಟರೆ ಹಲವು ವರ್ಷ ಬಾಳುವುದು. ಪೊರಕೆಜೋಳವನ್ನಾದರೋ ವರ್ಷವರ್ಷವೂ ಬಿತ್ತಬೇಕು.

ಕಡ್ಡಿಯ ಬೆಲೆಯು ಅದರ ಹಸಿರು ಬಣ್ಣವನ್ನೂ ಬಾಗುವ ಗುಣವನ್ನೂ ಅವಲಂಬಿಸಿರುವುದು. ಆದುದರಿಂದ ಕಾಳು ಪೂರ್ಣವಾಗಿ ಬಲಿಯುವ ಮೊದಲೇ ತೆನೆಯನ್ನು ಕೊಯ್ದು ನೆರಳಿನಲ್ಲಿ ಒಣಗಿಸುವರು. ಆಗ ಮಳೆ ಸುರಿದರೆ ಕಡ್ಡಿಗೆ ಕೆಂಪುಕಲೆ ಬಿದ್ದು ಬೆಲೆ ಇಳಿಯುವುದು. ಒಂದು ಮಗ್ಗುಲಲ್ಲಿ ಕಡಲನ್ನೂ ಮತ್ತೊಂದು ಮಗ್ಗುಲಲ್ಲಿ ಸೌಪರ್ಣಿಕೆಯನ್ನೂ ಹೊಂದಿ, ಮುಂಗಾರಿನ ಪೂರ್ಣ ರಭಸಕ್ಕೆ ಒಡ್ಡಿಕೊಂಡಿರುವ ಮರವಂತೆಯಲ್ಲಿ ಮಳೆಗಾಲದ ಬಿತ್ತನೆ ನಷ್ಟಕ್ಕೇ ದಾರಿ. ಭತ್ತದ ಕೊಯ್ಲಿನ ಬಳಿಕ, ಸಿಹಿನೀರಿನ ಬಾವಿಯುಳ್ಳ ಮಜಲು ಗದ್ದೆಯಲ್ಲಿ ಮಾತ್ರ ಪರೀಕ್ಷಿಸಬಹುದು.

ಕರಾವಳಿಗೆ ಒಂದು ಅನುಕೂಲವೂ ಉಂಟು. ಕಾಳಿನ ಜೋಳದ ಪರಾಗ ಗಾಳಿಯಿಂದ ಬಂದು ಬೆರೆತರೆ ಪೊರಕೆಜೋಳದ ಬೀಜ ಕೆಡುವುದು. ಮುಂದಿನ ಪೈರಿನಲ್ಲಿ ಕಡ್ಡಿ ಮೊಟಕಾಗುವುದು. ಜೋಳದ ಹೊಲಗಳಿಲ್ಲದ ಇಲ್ಲಿ ಬೀಜವನ್ನು ಶುದ್ಧವಾಗಿ ಕಾಪಾಡುವುದು ಸುಲಭ. ಆದರೆ ಎಳೆಯ ಪೈರಿನಲ್ಲಿ ವಿಷಾಂಶವಿರುವುದರಿಂದ ದನಗಳನ್ನು ಅದರ ಬಳಿಗೆ ಬಿಡಲಾಗದು.

ತೆಂಗಿನ ಗರಿಯ ಕಡ್ಡಿಯಿಂದ ಕಟ್ಟುವ ಹಿಡಿಸೂಡಿಗೆ ಬೇರೆ ನೆಲವೂ ಬೇಡ, ನೀರೂ ಬೇಡ. ಅಂತಹ ಊರಿನಲ್ಲಿ ತೆಂಗನ್ನು ಕಡಿದಾಗಲಿ ಭತ್ತವನ್ನು ಬಿಟ್ಟಾಗಲಿ ಪೊರಕೆಜೋಳವನ್ನು ಬೆಳೆಯುವುದು ಯುಕ್ತವಲ್ಲ. ಉಳ್ಳವರು ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದ ಸಲಹೆ ಪಡೆದು, ಕೊಳ್ಳುವವರನ್ನು ಮೊದಲೇ ಗೊತ್ತುಮಾಡಿಕೊಂಡು, ಐದು ಸೆಂಟ್ಸು ನೆಲದಲ್ಲಿ ಒಂದು ಬೇಸಗೆ ಬೆಳೆದು ನೋಡಲಿ. ಅದರ ಲಾಭನಷ್ಟ ತಿಳಿದ ಮೇಲೆಯೇ ಸಣ್ಣ ಹಿಡುವಳಿಯ ರೈತರಿಗೆ ಇದನ್ನು ಹೇಳುವುದು ಮುಖಂಡರಾದವರ ಧರ್ಮ.