ಕ್ಯಾಥೋಡ್ ಓದಬಲ್ಲ ಪ್ರಯೋಗಾಲಯ ಪೀಣ್ಯಕ್ಕೆ ಬೇಕು

ರೇವಾ ಕಾರು 2001ರಲ್ಲಿ ರಸ್ತೆಗಿಳಿದದ್ದು ಬೊಮ್ಮಸಂದ್ರದಿಂದ. ಏಥರ್ ತನ್ನ ಮೊದಲ ಸ್ಕೂಟರ್‌ಗಳನ್ನು ತಯಾರಿಸಿದ್ದು ವೈಟ್‌ಫೀಲ್ಡ್‌ನಲ್ಲಿ. ವಿದ್ಯುತ್ ವಾಹನಗಳಿಗೆಂದೇ 2017ರಲ್ಲಿ ನೀತಿ ರೂಪಿಸಿದ ಮೊದಲ ರಾಜ್ಯ ಕರ್ನಾಟಕ. ಇಷ್ಟಾದರೂ ನಮ್ಮ ಕೈಗಾರಿಕಾ ವಲಯಗಳಲ್ಲಿ ಜೋಡಿಸುವ ಬ್ಯಾಟರಿ ಪ್ಯಾಕ್‌ಗಳಿಗೆ ಸೆಲ್‌ಗಳು ಬಹುಪಾಲು ಹೊರಗಿನಿಂದಲೇ ಬರುತ್ತವೆ. ವೋಲ್ಟೇಜ್, ಕರೆಂಟ್, ಉಷ್ಣತೆ ಅಳೆಯುವುದರಲ್ಲಿ ನಮ್ಮ ಎಂಜಿನಿಯರುಗಳು ಪಳಗಿದ್ದಾರೆ. ಆದರೆ ಸೆಲ್‌ನ ಅತಿ ದುಬಾರಿ ವಸ್ತುವಾದ ಕ್ಯಾಥೋಡ್ ಪುಡಿಯೊಳಗೆ ಏನಾಗುತ್ತಿದೆ ಎಂದು ತಿಳಿಸುವ ಸ್ಪೆಕ್ಟ್ರೋಸ್ಕೋಪಿ ಇನ್ನೂ ವಿಶ್ವವಿದ್ಯಾಲಯಗಳ ಸ್ವತ್ತಾಗಿಯೇ ಉಳಿದಿದೆ. ಅದನ್ನು ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳ ನಡುವೆ ತರದ ಹೊರತು ನಾವು ಬ್ಯಾಟರಿ ಉದ್ಯಮದಲ್ಲಿ ಜೋಡಣೆಗಾರರಾಗಿಯೇ ಇರುತ್ತೇವೆ.

ಜಾನ್ ಗುಡ್‌ಇನಫ್, ಪಾಧಿ ಮತ್ತು ನಂಜುಂಡಸ್ವಾಮಿ 1997ರಲ್ಲಿ ಪ್ರಕಟಿಸಿದ ಲಿಥಿಯಂ ಕಬ್ಬಿಣದ ಫಾಸ್ಫೇಟ್ ಎಂಬ ಕ್ಯಾಥೋಡ್ ವಸ್ತುವನ್ನೇ ನೋಡೋಣ. ಇಂದು ವಾಹನಗಳಲ್ಲಿ ಎಲ್‌ಎಫ್‌ಪಿ ಎಂದು ಹೆಸರಾಗಿರುವುದು ಇದೇ. ಚಾರ್ಜ್ ಆಗುವಾಗ ಲಿಥಿಯಂ ಹೊರಹೋಗುತ್ತದೆ, ಕಬ್ಬಿಣ ತನ್ನ ಒಂದು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಪುಡಿಯ ಮೇಲೆ ಲೇಸರ್ ಬಿಟ್ಟು ಚದುರಿದ ಬೆಳಕನ್ನು ಬಿಡಿಸಿದರೆ, ಫಾಸ್ಫೇಟ್ ಗುಂಪಿನ ಕಂಪನ ರಾಮನ್ ರೋಹಿತದಲ್ಲಿ 950ರ ತರಂಗಸಂಖ್ಯೆಯ ಆಸುಪಾಸಿನಲ್ಲಿ ಕಾಣುತ್ತದೆ. ಲಿಥಿಯಂ ಹೋದಂತೆ ಅಲ್ಲಿನ ಶಿಖರಗಳು ಬದಲಾಗುತ್ತವೆ. ಕಣಗಳಿಗೆ ಬಳಿದ ಇಂಗಾಲದ ಲೇಪನದ ಗುಣ 1350 ಮತ್ತು 1590ರ ಬಳಿ ಗೊತ್ತಾಗುತ್ತದೆ. ನಿಕ್ಕಲ್ ಹೆಚ್ಚಿರುವ ಕ್ಯಾಥೋಡ್‌ನ ತೊಂದರೆ ಬೇರೆ. ಗಾಳಿಯ ತೇವ ತಗುಲಿದರೆ ಅದರ ಮೈಮೇಲೆ ಲಿಥಿಯಂ ಕಾರ್ಬೊನೇಟ್ ಕೂರುತ್ತದೆ, ಎಲೆಕ್ಟ್ರೋಡ್ ಬಳಿಯುವ ಸ್ಲರಿ ಗಟ್ಟಿಯಾಗುತ್ತದೆ. ಇನ್‌ಫ್ರಾರೆಡ್ ರೋಹಿತ ಆ ಕಾರ್ಬೊನೇಟನ್ನು ಕೆಲವೇ ನಿಮಿಷಗಳಲ್ಲಿ ತೋರಿಸಬಲ್ಲದು. ಪುಡಿಯ ಚೀಲ ಲೈನಿಗೆ ಹೋಗುವ ಮುನ್ನವೇ ಇದು ತಿಳಿಯುವುದಕ್ಕೂ ಸಾವಿರಾರು ಸೆಲ್ ತಯಾರಾದ ಮೇಲೆ ತಿಳಿಯುವುದಕ್ಕೂ ಎಷ್ಟು ಅಂತರವಿದೆ ಎಂಬುದನ್ನು ಉತ್ಪಾದನೆಯಲ್ಲಿರುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಬ್ಯಾಟರಿ ನಿರ್ವಹಣಾ ವ್ಯವಸ್ಥೆಯ ದತ್ತಾಂಶವೇ ಸಾಕು ಎಂಬ ವಾದವಿದೆ. ಅದು ಜ್ವರ ಅಳೆಯುವ ಥರ್ಮಾಮೀಟರಿನಂತೆ. ಜ್ವರ ಯಾಕೆ ಬಂತೆಂದು ಹೇಳುವುದಿಲ್ಲ. 2022ರಲ್ಲಿ ಇ-ಸ್ಕೂಟರ್‌ಗಳಿಗೆ ಬೆಂಕಿ ಹತ್ತಿದ ಮೇಲೆ ಬ್ಯಾಟರಿ ಸುರಕ್ಷತೆಯ ಎಐಎಸ್-156 ಮಾನದಂಡ ಬಿಗಿಯಾಯಿತು, ಅದು ಸರಿಯಾದ ಹೆಜ್ಜೆಯೇ. ಎಲ್ಲ ಬೆಂಕಿಗೂ ಕ್ಯಾಥೋಡ್ ಕಾರಣವಲ್ಲ ಎಂಬುದೂ ನಿಜ. ಆದರೆ ಪ್ರಮಾಣೀಕರಣದ ಪರೀಕ್ಷೆ ಪ್ಯಾಕ್ ಪಾಸೋ ಫೇಲೋ ಎನ್ನುತ್ತದೆ. ಎರಡು ವರ್ಷದಲ್ಲಿ ಸೆಲ್‌ನ ಸಾಮರ್ಥ್ಯ ಕುಸಿದರೆ ಲಿಥಿಯಂ ಎಲ್ಲಿ ಕಳೆದುಹೋಯಿತು, ಯಾವ ಲೋಹ ಕರಗಿತು ಎಂಬುದಕ್ಕೆ ಸೆಲ್ ಬಿಚ್ಚಿ ರೋಹಿತ ತೆಗೆಯಲೇಬೇಕು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಪಕರಣಗಳಿವೆ, ಅಲ್ಲಿನ ನ್ಯಾನೋ ವಿಜ್ಞಾನ ಕೇಂದ್ರ ಹೊರಗಿನವರಿಗೂ ಸೇವೆ ಕೊಡುತ್ತದೆ, ಹಾಗಿರುವಾಗ ಮತ್ತೊಂದು ಕೇಂದ್ರ ಏಕೆ? ಆ ಸೇವೆ ಅಮೂಲ್ಯ. ಆದರೆ ಸಂಶೋಧನೆಯ ಗಡಿಯಾರ ಬೇರೆ, ಶಿಫ್ಟಿನ ಗಡಿಯಾರ ಬೇರೆ. ಕಬ್ಬಿಣ, ನಿಕ್ಕಲ್‌ಗಳ ಆಕ್ಸಿಡೀಕರಣ ಸ್ಥಿತಿಯನ್ನು ಕಣದ ಆಳದವರೆಗೂ ಓದುವ ಕ್ಷ-ಕಿರಣ ಹೀರಿಕೆಯ ಪ್ರಯೋಗಕ್ಕೆ ಇಂದೋರಿನ ಇಂಡಸ್-2 ಸಿಂಕ್ರೊಟ್ರಾನ್‌ಗೆ ಹೋಗಲಿ, ಅದನ್ನು ಪೀಣ್ಯದಲ್ಲಿ ಕಟ್ಟಬೇಕೆಂದು ಯಾರೂ ಕೇಳುತ್ತಿಲ್ಲ. ಬೇಕಿರುವುದು ಒಂದು ರಾಮನ್ ಸೂಕ್ಷ್ಮದರ್ಶಕ, ಒಂದು ಇನ್‌ಫ್ರಾರೆಡ್ ಉಪಕರಣ, ಲೋಹಗಳ ಪ್ರಮಾಣ ಅಳೆಯುವ ಯಂತ್ರ, ಗಾಳಿ ತಗುಲದಂತೆ ಸೆಲ್ ಬಿಚ್ಚಲು ಆರ್ಗಾನ್ ತುಂಬಿದ ಪೆಟ್ಟಿಗೆ. ಸಣ್ಣ ಕಾರ್ಖಾನೆಯೊಂದಕ್ಕೆ ಇದು ಕೈಗೆಟುಕದು. ಆದರೆ ಸಣ್ಣ ಉದ್ದಿಮೆಗಳ ಸಮೂಹಕ್ಕೆ ಸಾಮಾನ್ಯ ಸೌಲಭ್ಯ ಕೇಂದ್ರ ಕಟ್ಟಿಕೊಡುವ ಕೇಂದ್ರ ಸರ್ಕಾರದ ಯೋಜನೆ ಇರುವುದೇ ಇಂಥದ್ದಕ್ಕೆ.

2025ರ ಜುಲೈನಲ್ಲಿ ಚೀನಾ ಕ್ಯಾಥೋಡ್ ತಯಾರಿಕೆಯ ತಂತ್ರಜ್ಞಾನದ ರಫ್ತಿಗೆ ನಿರ್ಬಂಧ ಹಾಕಿತು. ಮಂಡ್ಯದ ಮರ್ಲಗಲ್ಲದಲ್ಲಿ ಅಂದಾಜಿಸಿರುವ 1,600 ಟನ್ ಲಿಥಿಯಂ ಇದರಿಂದಾಗುವ ಕೊರತೆ ತುಂಬದು. ಅದಿರು ಕೈಗೆ ಬಂದರೂ ಅದನ್ನು ಕ್ಯಾಥೋಡ್ ಮಾಡುವ ಜ್ಞಾನ ಅದರೊಟ್ಟಿಗೆ ಬರುವುದಿಲ್ಲ. ಅದಕ್ಕಿಂತ ಹತ್ತಿರದ ಗಣಿಯೆಂದರೆ ಆಯುಷ್ಯ ಮುಗಿದ ನಮ್ಮದೇ ಬ್ಯಾಟರಿಗಳು. ಅವನ್ನು ಪುಡಿ ಮಾಡಿದಾಗ ಸಿಗುವ ಕಪ್ಪು ಮಿಶ್ರಣದಲ್ಲಿ ಎಲ್‌ಎಫ್‌ಪಿ ಎಷ್ಟು, ನಿಕ್ಕಲ್ ಎಷ್ಟು ಎಂದು ತಿಳಿಯದೆ ಬೆಲೆ ಕಟ್ಟಲಾಗದು. ಕೇಂದ್ರ ತೆರೆದ ದಿನದಿಂದಲೇ ಈ ಕೆಲಸಕ್ಕೆ ಶುಲ್ಕ ಕೊಡುವವರಿರುತ್ತಾರೆ. ಯಂತ್ರಕ್ಕೆ ಟೆಂಡರ್ ಕರೆಯುವ ಮೊದಲೇ ಸರ್ಕಾರ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದವರನ್ನು ಆರಿಸಿ, ರೋಹಿತ ಓದುವ ತರಬೇತಿಗೆ ಕಳಿಸಿ, ಕಾಯಂ ಹುದ್ದೆಯಲ್ಲಿ ಅಲ್ಲಿ ಕೂರಿಸಬೇಕು.